ಕಡಲಾಳದಲ್ಲಿ ಅನ್ನ, ಬೆಳ್ಳಂದೂರಿನಲ್ಲಿ ವಿಷ

ಬೆಳ್ಳಂದೂರು ಕೆರೆ ಹೊತ್ತಿ ಉರಿದ ಸುದ್ದಿ ಬೆಂಗಳೂರಿಗರಿಗೆ ಹೊಸದಲ್ಲ. 2015ರ ಮೇ ತಿಂಗಳಲ್ಲಿ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರುವರಿಯಲ್ಲಿ ಮತ್ತೆ ಹೊಗೆ ಎದ್ದಿತು. 2018ರ ಜನವರಿಯ ಬೆಂಕಿಯನ್ನು ಆರಿಸಲು ಸೇನೆಯ ಯೋಧರೂ ಕೈಜೋಡಿಸಬೇಕಾಯಿತು. ಕಾರಣ ಒಣಹುಲ್ಲು ಮತ್ತು ಕಸಕ್ಕೆ ತಗುಲಿದ ಕಿಡಿಯೇ, ಹೂಳಿನಿಂದ ಮೇಲೆದ್ದ ಮೀಥೇನ್ ಅನಿಲವೇ ಎಂಬ ಚರ್ಚೆ ಆಗ ನಡೆಯಿತು. ಕಿಡಿ ಎಲ್ಲಿಂದಲೇ ಬಂದಿರಲಿ, ಕೊಳಚೆ ತುಂಬಿದ ಕೆರೆಯ ಕೆಸರಿನಲ್ಲಿ ಮೀಥೇನ್ ಹುಟ್ಟುತ್ತದೆ, ಅದರ ಜೊತೆಗೆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಕೂಡ ಹುಟ್ಟುತ್ತದೆ ಎಂಬುದು ನಿಸ್ಸಂಶಯ.

ಇದೇ ಎರಡು ಅನಿಲಗಳನ್ನು ನೆಚ್ಚಿಕೊಂಡು ಬದುಕುವ ಜೀವಿಯೊಂದಿದೆ. ಅದು ಕಡಲಾಳದ ಕಪ್ಪೆಚಿಪ್ಪು. 1977ರಲ್ಲಿ ಗಲಾಪಗೋಸ್ ದ್ವೀಪಗಳ ಬಳಿ, ಸುಮಾರು 2,500 ಮೀಟರ್ ಆಳದ ಬಿಸಿನೀರಿನ ಬುಗ್ಗೆಗಳ ಸುತ್ತ ಇವು ಗುಂಪುಗುಂಪಾಗಿ ಕಂಡಾಗ ವಿಜ್ಞಾನಿಗಳು ಬೆರಗಾದರು. ಬಿಸಿಲೇ ತಲುಪದ ಕತ್ತಲಲ್ಲಿ ಇಷ್ಟು ಜೀವಿಗಳಿಗೆ ಆಹಾರ ಎಲ್ಲಿಯದು? ಭಾರತದ ಕಡಲಿನಲ್ಲಿಯೂ ಇವುಗಳ ಬಳಗವಿದೆ. ಆಂಧ್ರಪ್ರದೇಶದ ಕರಾವಳಿಯಾಚೆ ಕೃಷ್ಣಾ–ಗೋದಾವರಿ ಕಣಿವೆಯಲ್ಲಿ, 900ರಿಂದ 1,800 ಮೀಟರ್ ಆಳದಲ್ಲಿ ಮೀಥೇನ್ ಒಸರುವ ತಾಣಗಳನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸಂಶೋಧಕರು ಪತ್ತೆ ಮಾಡಿದರು. ಅಲ್ಲಿ ದೊರೆತ ಚಿಪ್ಪುಜೀವಿಗಳಲ್ಲಿ ಮೈಟಿಲಿಡೇ ಕುಟುಂಬದವೂ ಇದ್ದವೆಂದು 2019ರಲ್ಲಿ ವರದಿ ಮಾಡಿದರು. ಕರಾವಳಿಯ ಬಂಡೆಗಳಿಗೆ ಅಂಟಿಕೊಂಡಿರುವ, ತುಳುವರ ಅಡುಗೆಮನೆಗೆ ಚಿರಪರಿಚಿತವಾದ ಪಚ್ಚಿಲೆ ಕೂಡ ಇದೇ ಕುಟುಂಬದ್ದು.

ಹೊರನೋಟಕ್ಕೆ ಆಳಗಡಲಿನ ಕಪ್ಪೆಚಿಪ್ಪು ಪಚ್ಚಿಲೆಯ ದೊಡ್ಡಣ್ಣನಂತೆ ಕಾಣುತ್ತದೆ. ಕೆಲವು ಜಾತಿಗಳು ಗೇಣುದ್ದ ಬೆಳೆಯುತ್ತವೆ. ಉದ್ದನೆಯ ಎರಡು ಚಿಪ್ಪುಗಳು ಬೆನ್ನಿನ ಕಡೆ ಕೀಲಿನಿಂದ ಕೂಡಿಕೊಂಡಿವೆ. ಚಿಪ್ಪಿನ ಮೇಲೆ ಕಂದು ಬಣ್ಣದ ತೆಳು ಸಿಪ್ಪೆ, ಅದರ ಕೆಳಗೆ ಸುಣ್ಣದ ಪದರ, ಒಳಗೋಡೆಯಲ್ಲಿ ಮುತ್ತಿನ ಹೊಳಪು. ಬುಗ್ಗೆಗಳ ನೀರು ಹಲವೆಡೆ ಆಮ್ಲೀಯವಾಗಿರುವುದರಿಂದ ಆ ಸಿಪ್ಪೆ ಬರಿಯ ಅಲಂಕಾರವಲ್ಲ. ಅದು ಕಿತ್ತುಹೋದಲ್ಲಿ ಸುಣ್ಣ ಕರಗತೊಡಗುತ್ತದೆ. ಪಾದದ ಬುಡದಿಂದ ಹೊರಡುವ ಗಟ್ಟಿ ನಾರುಗಳು ಪ್ರಾಣಿಯನ್ನು ಬಂಡೆಗೋ ಪಕ್ಕದ ಚಿಪ್ಪಿಗೋ ಬಿಗಿಯುತ್ತವೆ.

ಒಳಗೆ ನೋಡಿದರೆ ಮಾತ್ರ ಹೋಲಿಕೆ ತಪ್ಪುತ್ತದೆ. ಪಚ್ಚಿಲೆಯ ಕಿವಿರು ಉಸಿರಾಟದ ಜೊತೆಗೆ ಜರಡಿಯ ಕೆಲಸವನ್ನೂ ಮಾಡುತ್ತದೆ, ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ಸೋಸಿ ಬಾಯಿಗೆ ಸಾಗಿಸುತ್ತದೆ. ಆಳದ ಕಪ್ಪೆಚಿಪ್ಪಿನಲ್ಲಿ ಕಿವಿರು ಅಸಾಧಾರಣವಾಗಿ ದಪ್ಪಗಿದೆ, ಕರುಳು ಕಿರಿದಾಗಿದೆ. ಕಿವಿರಿನ ಜೀವಕೋಶಗಳ ಒಳಗೇ ಬ್ಯಾಕ್ಟೀರಿಯಾಗಳು ಕಿಕ್ಕಿರಿದು ವಾಸಿಸುತ್ತವೆ. ಕೆಲವು ಮೀಥೇನನ್ನು, ಕೆಲವು ಸಲ್ಫೈಡನ್ನು ಆಮ್ಲಜನಕದೊಡನೆ ಸೇರಿಸಿ ಶಕ್ತಿ ಪಡೆದು ಆಹಾರ ತಯಾರಿಸುತ್ತವೆ. ಮನೆ ಕೊಟ್ಟ ಕಪ್ಪೆಚಿಪ್ಪು ಬಾಡಿಗೆಯಾಗಿ ಆ ಆಹಾರದ ಪಾಲು ಪಡೆಯುತ್ತದೆ, ಕೆಲವೊಮ್ಮೆ ಬಾಡಿಗೆದಾರರನ್ನೇ ಜೀರ್ಣಿಸಿಕೊಳ್ಳುತ್ತದೆ. ಮೆಕ್ಸಿಕೊ ಕೊಲ್ಲಿಯ ಇಂಥ ಒಂದು ಜಾತಿ ಮೀಥೇನ್ ಬಲದಿಂದ ಬದುಕುತ್ತದೆಂದು 1986ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು.

ಹಾಗಿದ್ದರೆ ಬೆಳ್ಳಂದೂರಿನ ಕೆಸರು ಕಪ್ಪೆಚಿಪ್ಪಿಗೆ ಮೃಷ್ಟಾನ್ನವಾಗಬೇಕಿತ್ತಲ್ಲವೇ? ಆಗದಿರುವುದಕ್ಕೆ ಮುಖ್ಯ ಕಾರಣ ಆಮ್ಲಜನಕ. ಮೀಥೇನನ್ನು ಆಹಾರವಾಗಿಸುವ ಬ್ಯಾಕ್ಟೀರಿಯಾಕ್ಕೂ, ಅದನ್ನು ಸಾಕುವ ಕಪ್ಪೆಚಿಪ್ಪಿಗೂ ಆಮ್ಲಜನಕ ಬೇಕೇ ಬೇಕು. ಧ್ರುವ ಪ್ರದೇಶದಲ್ಲಿ ತಣ್ಣಗಾಗಿ ಮುಳುಗಿದ ನೀರು ಅದನ್ನು ಸಾಗರದ ಆಳಕ್ಕೆ ಹೊತ್ತು ತರುತ್ತದೆ. ಕೆಳಗಿನಿಂದ ಅನಿಲ, ಮೇಲಿನಿಂದ ಆಮ್ಲಜನಕ ಬಂದು ಸೇರುವ ಅಂಚಿನಲ್ಲಿಯೇ ಈ ಜೀವಿಗಳು ನೆಲೆ ನಿಂತಿವೆ. ಆ ಆಮ್ಲಜನಕವೂ ಮೂಲತಃ ಬಿಸಿಲುಂಡ ಸಸ್ಯ, ಪಾಚಿಗಳದ್ದೇ. ಸೂರ್ಯನ ಹಂಗಿಲ್ಲದ ಜೀವಿ ಎಂದು ಇವನ್ನು ಹೊಗಳುವವರು ಇದನ್ನು ಮರೆಯುತ್ತಾರೆ.

ಬೆಂಗಳೂರಿನ ಕೆರೆಯ ಕಥೆ ತಿರುವುಮುರುವು. ಮನೆ, ಕಚೇರಿ, ಕಾರ್ಖಾನೆಗಳ ಕೊಳಚೆಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ. ಮೇಲೆ ಹಾಸಿಕೊಂಡ ಅಂತರಗಂಗೆ ಗಾಳಿ, ಬೆಳಕು ಎರಡನ್ನೂ ತಡೆಯುತ್ತದೆ. ಉಳಿಯುವುದು ಬರಿಯ ಅನಿಲ. ಜೀವಕೋಶಗಳ ಉಸಿರಾಟವನ್ನೇ ಸ್ಥಗಿತಗೊಳಿಸುವ ಹೈಡ್ರೋಜನ್ ಸಲ್ಫೈಡ್, ಅದನ್ನು ಬಳಸುವ ಸಂಗಾತಿ ಬ್ಯಾಕ್ಟೀರಿಯಾ ಇಲ್ಲದ ಪ್ರಾಣಿಗೆ ಬರೀ ವಿಷ.

ನಮ್ಮ ಕೆರೆಗಳ ಕಪ್ಪೆಚಿಪ್ಪು, ವಿಜ್ಞಾನಿಗಳ ಮಾತಿನಲ್ಲಿ ಲ್ಯಾಮೆಲಿಡೆನ್ಸ್ ಮಾರ್ಜಿನಾಲಿಸ್, ಅಂಥದ್ದೊಂದು ಪ್ರಾಣಿ. ಇದು ಪಚ್ಚಿಲೆಯ ಕುಟುಂಬದ್ದಲ್ಲ. ಬೆಳೆದ ಮೇಲೆ ಇದಕ್ಕೆ ನಾರಿಲ್ಲ, ನಾಲಗೆಯಂಥ ಪಾದದಿಂದ ಕೆಸರನ್ನು ಉಳುತ್ತಾ ಸಾಗುತ್ತದೆ. ಸಿಹಿನೀರಿನ ಮುತ್ತಿನ ಕೃಷಿಗೆ ಒದಗುವ ಈ ಚಿಪ್ಪು ದಿನವಿಡೀ ನೀರನ್ನು ಸೋಸುತ್ತಿರುತ್ತದೆ, ಸಂಬಳವಿಲ್ಲದ ಶುದ್ಧೀಕರಣ ಘಟಕದಂತೆ. ಅಪಾಯ ಕಂಡರೆ ಸ್ನಾಯು ಬಿಗಿದು ಚಿಪ್ಪು ಮುಚ್ಚಿ ಕೆಲಕಾಲ ಉಸಿರು ಹಿಡಿಯಬಲ್ಲದು. ಆದರೆ ತಿಂಗಳುಗಟ್ಟಲೆ ಮುಚ್ಚಿಕೊಂಡಿರಲಾರದು. ಸ್ನಾಯು ಸೋತರೆ ಕೀಲಿನ ಸೆಳೆತಕ್ಕೆ ಚಿಪ್ಪು ತಾನಾಗಿ ಬಾಯಿ ಬಿಡುತ್ತದೆ. ದಡದಲ್ಲಿ ಬಾಯ್ತೆರೆದು ಬಿದ್ದ ಜೋಡಿಚಿಪ್ಪುಗಳಲ್ಲಿ ಕೆಲವು ಹೀಗೆ ಸತ್ತಿರಬಹುದು.

ಬೆಳ್ಳಂದೂರು ಹಾಗೂ ವೈಟ್‌ಫೀಲ್ಡ್ ಮಗ್ಗುಲಿನ ವರ್ತೂರು ಕೆರೆಗಳಲ್ಲಿ 2020ರ ಬಳಿಕ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೂಳೆತ್ತುವ ಕಾಮಗಾರಿ ಕೈಗೊಂಡಿತು. ವಿಷ ತುಂಬಿದ ಹೂಳು ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಪ್ಪೆಚಿಪ್ಪಿನ ಮನೆಯೂ ಆ ಕೆಸರೇ. ನೀರು ತಿಳಿಯಾದ ಮಾತ್ರಕ್ಕೆ ಅದು ಮರಳಿ ಬರುವುದಿಲ್ಲ. ಅದರ ಮರಿಗಳು ಮೊದಲ ಕೆಲವು ದಿನ ಅಥವಾ ವಾರಗಳನ್ನು ಮೀನಿನ ಕಿವಿರು, ರೆಕ್ಕೆಗಳಿಗೆ ಕಚ್ಚಿಕೊಂಡು ಕಳೆಯಬೇಕು. ಅಲ್ಲಿಂದ ಕಳಚಿ ತಳಕ್ಕೆ ಬಿದ್ದ ಮೇಲಷ್ಟೇ ಸ್ವತಂತ್ರ ಬದುಕು. ಮೀನಿಲ್ಲದ ಕೆರೆಯಲ್ಲಿ ಆ ಮರಿಗಳಿಗೆ ಹತ್ತಲು ಬಂಡಿಯೇ ಇಲ್ಲ. ಮೀನು ಬರಬೇಕಾದರೆ ಒಳಬರುವ ಕೊಳಚೆ ಮೊದಲು ನಿಲ್ಲಬೇಕು.