ಗೋಡೆಯ ಮೇಲೊಂದು ಪುಟ್ಟ ಗಣಕಯಂತ್ರ

ಮುಂಬಯಿಯಂತಹ ಮಹಾನಗರದಲ್ಲಿ ಒಂದೊಂದು ಅಡಿ ನೆಲವನ್ನೂ ಲೆಕ್ಕ ಹಾಕಿ ಬಳಸುವ ನಾವು ಗೋಡೆಗಳನ್ನು ಮಾತ್ರ ಮರೆತುಬಿಡುತ್ತೇವೆ. ಈ ಮರೆವಿಗೆ ನಾನು ತೆತ್ತ ಬೆಲೆಯೇ ಈ ಲೇಖನಕ್ಕೆ ಪ್ರೇರಣೆ.

2012ರ ಫೆಬ್ರವರಿ 29ರಂದು ಇಂಗ್ಲೆಂಡಿನಲ್ಲಿ ಬಿಡುಗಡೆಯಾದ 'ರಾಸ್ಪ್‌ಬೆರಿ ಪೈ' ಒಂದೇ ಹಲಗೆಯ ಮೇಲೆ ರೂಪಿತವಾದ ಕಿರು ಗಣಕಯಂತ್ರ. ಅದರ ನಾಲ್ಕನೆಯ ಆವೃತ್ತಿಯನ್ನು ಮಗ ನಮ್ಮ ಮನೆಗೆ ತಂದನು. ಧಾರವಾಡ ಸೀಮೆಯವರಾದ ನಮ್ಮ ತಾಯಿಯವರು ಹಾಡಿದ ಬೀಸುಕಲ್ಲಿನ ಪದಗಳನ್ನು ಅದರಲ್ಲಿ ಸಂಗ್ರಹಿಸಿ, ಬೇಕೆಂದಾಗ ಕೇಳುತ್ತಿದ್ದೆವು. ಟಿ.ವಿ.ಯ ಹಿಂದೆ ಬಿದ್ದಿದ್ದ ಆ ಯಂತ್ರದ ತಂತಿಯು ಒಂದು ದಿನ ಕಸ ಗುಡಿಸುವಾಗ ಪೊರಕೆಗೆ ಸಿಕ್ಕಿ ಕಿತ್ತುಬಂತು. ವಿದ್ಯುತ್ ಹಠಾತ್ತನೆ ಕಡಿದುದರಿಂದ ಸ್ಮರಣ ಕಾರ್ಡು ಕೆಟ್ಟು, ಎರಡು ಪದಗಳು ಶಾಶ್ವತವಾಗಿ ಅಳಿಸಿಹೋದವು. ತಾಯಿಯವರು ಈಗಿಲ್ಲ.

ಅನಂತರ ನಾವು ಗೋಡೆಗೊಂದು ಆಧಾರಫಲಕವನ್ನು ಮಾಡಿದೆವು. ಯಂತ್ರದ ತೂಕ ಬಹಳ ಕಡಿಮೆ. ಆದುದರಿಂದ ಫಲಕದ ಮುಖ್ಯ ಕೆಲಸ ಭಾರ ಹೊರುವುದಲ್ಲ. ತಂತಿಯ ಎಳೆತವನ್ನು ತಾನೇ ತಾಳಿಕೊಂಡು, ಬೇಕಾದಾಗ ಯಂತ್ರವನ್ನು ಸುಲಭವಾಗಿ ಇಳಿಸಲು ಅನುವು ಮಾಡಿಕೊಡುವುದು.

ಮೊದಲು 18 ಸೆಂ.ಮೀ. ಎತ್ತರ, 12 ಸೆಂ.ಮೀ. ಅಗಲದ ಪ್ಲೈವುಡ್ ತುಂಡೊಂದನ್ನು ತೆಗೆದುಕೊಳ್ಳಬೇಕು. ಯಂತ್ರದ ಅಳತೆ 85 ಮಿ.ಮೀ. ಮತ್ತು 56 ಮಿ.ಮೀ.; ಅದರ ನಾಲ್ಕು ರಂಧ್ರಗಳ ನಡುವಿನ ಅಂತರ ಉದ್ದಕ್ಕೆ 58, ಅಗಲಕ್ಕೆ 49 ಮಿ.ಮೀ. ಇವನ್ನು ಕಾಗದದ ಮೇಲೆ ಗುರುತಿಸಿಕೊಂಡು ಪ್ಲೈವುಡ್‌ಗೆ ತೂತು ಕೊರೆಯಬೇಕು. 2.5 ಮಿ.ಮೀ. ದಪ್ಪದ ಸ್ಕ್ರೂ ಹಾಗೂ 10 ಮಿ.ಮೀ. ಎತ್ತರದ ನೈಲಾನ್ ಕಂಬಗಳು ಲ್ಯಾಮಿಂಗ್‌ಟನ್ ರಸ್ತೆಯಂತಹ ಎಲೆಕ್ಟ್ರಾನಿಕ್ ಪೇಟೆಗಳಲ್ಲಿ ದೊರೆಯುತ್ತವೆ. ಕಂಬಗಳ ಮೇಲೆ ನಿಂತ ಯಂತ್ರದ ಹಿಂದೆ ಗಾಳಿಯಾಡುತ್ತದೆ. ಇದು ಅವಶ್ಯ; ಏಕೆಂದರೆ ಶಾಖವು 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಯಂತ್ರವು ತಾನಾಗಿ ನಿಧಾನವಾಗುತ್ತದೆ. ಯು.ಎಸ್.ಬಿ. ಬದಿಯನ್ನು ಕೆಳಮುಖವಾಗಿಟ್ಟರೆ ಕಾರ್ಡು ಮೇಲಕ್ಕೆ ಬರುತ್ತದೆ.

ಇನ್ನು ಕಳಚುವ ವ್ಯವಸ್ಥೆ. 12 ಮಿ.ಮೀ. ದಪ್ಪದ ಮರದ ಪಟ್ಟಿಯೊಂದನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿಸಬೇಕು. ಒಂದು ಸೀಳನ್ನು ಓರೆ ಅಂಚು ಮೇಲಿರುವಂತೆಯೂ ಗೋಡೆಯತ್ತ ಇಳಿಜಾರಾಗಿರುವಂತೆಯೂ ಗೋಡೆಗೆ ಬಿಗಿಯಬೇಕು. ಇನ್ನೊಂದನ್ನು ತಲೆಕೆಳಗಾಗಿ, ಚೂಪು ಅಂಚು ಗೋಡೆಯ ಕಡೆಗಿರುವಂತೆ, ಫಲಕದ ಬೆನ್ನಿನ ಮೇಲ್ಭಾಗಕ್ಕೆ ಜೋಡಿಸಬೇಕು. ಆಗ ಒಂದು ಮತ್ತೊಂದರೊಳಗೆ ಕುಳಿತುಕೊಳ್ಳುತ್ತದೆ, ಮೇಲಕ್ಕೆತ್ತಿದರೆ ಬಿಡಿಸಿಕೊಳ್ಳುತ್ತದೆ. ಫಲಕ ವಾಲದಂತೆ ಕೆಳಭಾಗದ ಬೆನ್ನಿಗೂ ಅಷ್ಟೇ ದಪ್ಪದ ತುಂಡೊಂದನ್ನು ಅಂಟಿಸಬೇಕು.

ಕೇವಲ ಅಂಟುಪಟ್ಟಿಯನ್ನು ನಂಬಬೇಡಿ. ಮಳೆಗಾಲದ ತೇವಕ್ಕೆ ಅದು ಸುಣ್ಣಬಣ್ಣದ ಸಮೇತ ಕಳಚಿಬರುತ್ತದೆ. ಮಳೆನೀರು ಹೊಡೆಯುವ ಹೊರಗೋಡೆಗಿಂತ ಒಳಗೋಡೆ ಲೇಸು. ಸ್ವಿಚ್ ಬೋರ್ಡಿನ ನೇರ ಮೇಲೆ ಅಥವಾ ಕೆಳಗೆ ಕೊರೆಯಬಾರದು. ಅಲ್ಲಿ ಗೋಡೆಯೊಳಗೆ ವಿದ್ಯುತ್ ತಂತಿಗಳು ಹಾದಿರುವ ಸಂಭವ ಹೆಚ್ಚು. ವಿದ್ಯುತ್ ತಂತಿಯನ್ನು ಒಂದು ಸುತ್ತು ಸಡಿಲ ಬಿಟ್ಟು ಫಲಕಕ್ಕೇ ಕಟ್ಟಿದರೆ, ಎಳೆತವು ಯಂತ್ರವನ್ನು ಮುಟ್ಟುವುದಿಲ್ಲ.

ಫಲಕವನ್ನು ಇಳಿಸುವ ಮುನ್ನ ಯಂತ್ರವನ್ನು ಕ್ರಮಪ್ರಕಾರ ಸ್ಥಗಿತಗೊಳಿಸಿ, ಹಸಿರು ದೀಪ ಮಿನುಗುವುದು ನಿಂತ ಮೇಲೆಯೇ ವಿದ್ಯುತ್ ತೆಗೆಯಬೇಕು.

ಇಷ್ಟಾದರೂ ಕಾರ್ಡು ಎಂದಾದರೂ ಕೆಡಬಹುದು. ಬ್ಯಾಂಕಿನಲ್ಲಿ ಮುಖ್ಯ ದಾಖಲೆಗೆ ಪ್ರತಿಯಿಲ್ಲದೆ ನಾವು ನಿದ್ದೆ ಮಾಡುವುದಿಲ್ಲ. ಮನೆಯ ವಿಷಯದಲ್ಲಿ ಮಾತ್ರ ನಾನು ಆ ಪಾಠ ಮರೆತಿದ್ದೆ. ಈಗ ಉಳಿದ ಪದಗಳ ಒಂದು ಪ್ರತಿ ಮಗಳ ಮನೆಯಲ್ಲಿದೆ. ತಮ್ಮ ಮನೆಗಳಲ್ಲಿ ಹಿರಿಯರ ಧ್ವನಿ ಉಳಿದಿದ್ದರೆ, ಫಲಕಕ್ಕೆ ಮೊಳೆ ಹೊಡೆಯುವ ಮೊದಲು ದಯವಿಟ್ಟು ಆ ಧ್ವನಿಯ ಇನ್ನೊಂದು ಪ್ರತಿಯನ್ನು ಮಾಡಿಟ್ಟುಕೊಳ್ಳಿ.