ಕಾಗದದಷ್ಟು ತೆಳುವಾದ ಗೋಡೆ

2021ರ ಮೇ ತಿಂಗಳ ಕೊನೆ. ಬೆಂಗಳೂರಿನ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಚಿಕ್ಕಪ್ಪ ದಿಂಬಿಗೊರಗಿ ಕೂತಿದ್ದಾರೆ. ಕೋವಿಡ್ ವಾಸಿಯಾಗಿ ಮನೆಗೆ ಬಂದ ಹತ್ತನೇ ದಿನ ಎಡಗೆನ್ನೆ ಜೋಮು ಹಿಡಿಯಿತು. ಮರುದಿನ ರೆಪ್ಪೆ ಊದಿ ಜೋತುಬಿತ್ತು, ಎದುರಿಗಿದ್ದವರು ಇಬ್ಬಿಬ್ಬರಾಗಿ ಕಂಡರು. ಹಳೆಯ ಸಕ್ಕರೆ ಕಾಯಿಲೆ, ಅದರ ಮೇಲೆ ಸ್ಟಿರಾಯ್ಡ್. ಮ್ಯೂಕರ್ ಎಂಬ ಶಿಲೀಂಧ್ರಕ್ಕೆ ಅಷ್ಟು ಸಾಕಾಯಿತು.

ಕೊಳೆತ ಎಲೆ, ಹಳಸಿದ ಬ್ರೆಡ್ಡಿನ ಮೇಲೆ ಏಳುವ ಬೂಷ್ಟಿನ ಜಾತಿಯದು. ಅದರ ಕಣಗಳನ್ನು ನಾವೆಲ್ಲ ದಿನವೂ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಮೂಗಿನಿಂದ ತೆಗೆದ ಚೂರನ್ನು ಲ್ಯಾಬಿನಲ್ಲಿ ನನಗೂ ತೋರಿಸಿದರು: ಅಗಲವಾದ ರಿಬ್ಬನ್ನುಗಳು ಮಡಚಿ ಬಿದ್ದಂತೆ, ಗೆಣ್ಣು ಕಾಣದ ಎಳೆಗಳು. ಸೈನಸ್ಸಿಗೂ ಕಣ್ಣಿನ ಗೂಡಿಗೂ ನಡುವಿನ ಎಲುಬು ಒಂದು ಮಿಲಿಮೀಟರಿನಷ್ಟೂ ದಪ್ಪವಿಲ್ಲ. ಅದನ್ನು ದಾಟಿದ ಎಳೆಗಳು ರಕ್ತನಾಳಕ್ಕೆ ನುಗ್ಗಿ ಮುಚ್ಚಿಬಿಡುತ್ತವೆ. ಕಪ್ಪಾಗುವುದು ಸತ್ತ ಮಾಂಸ, ಶಿಲೀಂಧ್ರವಲ್ಲ. 'ಬ್ಲ್ಯಾಕ್ ಫಂಗಸ್' ಎಂಬ ಹೆಸರು ಜನರನ್ನು ಹೆದರಿಸಿತೇ ಹೊರತು ಏನನ್ನೂ ತಿಳಿಸಲಿಲ್ಲ.

ಇಎನ್‌ಟಿ ಡಾಕ್ಟರು ಮೂಗಿನೊಳಗಿಂದಲೇ ದುರ್ಬೀನು ಇಳಿಸಿ ಸತ್ತದ್ದನ್ನೆಲ್ಲ ಕೆರೆದು ತೆಗೆದರು. ಎಲ್ಲಿ ನಿಲ್ಲಿಸಬೇಕು? ರಕ್ತ ಒಸರುವಲ್ಲಿ. ಅಲ್ಲಿ ಜೀವವಿದೆ ಎಂದರ್ಥ. ಕಣ್ಣಿನ ಪ್ರಶ್ನೆ ಇನ್ನೂ ಕಠಿಣ. ರೋಗ ಗೂಡನ್ನೆಲ್ಲ ಆವರಿಸಿ ಮಿದುಳಿನತ್ತ ಹೊರಟರೆ ಪ್ರಾಣಕ್ಕಾಗಿ ಕಣ್ಣನ್ನೇ ಬಿಡಬೇಕಾಗಬಹುದು. ಬೆಳಕು ಉಳಿದಿದ್ದರೆ ಗುಡ್ಡೆಯ ಹಿಂದಕ್ಕೇ ಶಿಲೀಂಧ್ರದ ಔಷಧಿ ಆಂಫೊಟೆರಿಸಿನ್ ಚುಚ್ಚಿ ನೋಡುವ ದಾರಿಯೊಂದಿದೆ. ಒಂದು ಎಂಎಲ್‌ನಲ್ಲಿ ಮೂರೂವರೆ ಮಿಲಿಗ್ರಾಂ. ಚಿಕ್ಕಪ್ಪನಿಗೆ ಅದನ್ನೇ ಆರಿಸಿದರು.

ಜೊತೆಗೆ ದಿನವೂ ಅದೇ ಔಷಧಿಯ ಡ್ರಿಪ್. ಅರವತ್ತು ಕಿಲೋ ತೂಕಕ್ಕೆ ಐವತ್ತು ಮಿಲಿಗ್ರಾಂನ ಆರು ವಯಲ್. ಅಂಗಡಿಯಲ್ಲಿ ಒಂದೂ ಸಿಗದ ದಿನಗಳವು. ಸಿಸ್ಟರ್ ತೆಳುಹಳದಿ ಔಷಧಿಯನ್ನು ಗ್ಲೂಕೋಸಿಗೆ ಬೆರೆಸುತ್ತಿದ್ದರು. ಸಲೈನಿಗೆ ಹಾಕಿದರೆ ಅದು ಒಡೆದುಹೋಗುತ್ತದೆ. ಹಾಗಾಗಿ ಸಕ್ಕರೆ ರೋಗಿಗೆ ಸಕ್ಕರೆ ನೀರನ್ನೇ ಏರಿಸುತ್ತ, ಗಳಿಗೆಗೊಮ್ಮೆ ಬೆರಳು ಚುಚ್ಚಿ ಇನ್ಸುಲಿನ್ ಹೊಂದಿಸಬೇಕು. ಡ್ರಿಪ್ ಶುರುವಾದರೆ ಚಳಿಜ್ವರದ ನಡುಕ. ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ಕಿಡ್ನಿಗೆ ಪೆಟ್ಟು. ಎರಡು ಕಂಬಳಿ ಹೊದಿಸಿ ಪಾದ ಉಜ್ಜುವುದಷ್ಟೇ ನನ್ನ ಪಾಲಿನ ಕೆಲಸ.

ಬೆಳಿಗ್ಗೆ ರೌಂಡ್ಸಿಗೆ ಬಂದ ಕಣ್ಣಿನ ಡಾಕ್ಟರು ಬಲಗಣ್ಣು ಮುಚ್ಚಿಸಿ ಕೈ ಹಿಡಿದರು.

"ಯಜಮಾನ್ರೇ, ಎಷ್ಟು ಬೆರಳು?"

"ಎಣಿಸಕ್ಕಾಗಲ್ಲ ಮೇಡಂ. ಏನೋ ಆಡ್ತಾ ಇದೆ."

"ನಿನ್ನೆ ಅದೂ ಕಾಣ್ತಿರಲಿಲ್ಲ ಅಂದ್ರಿ," ಎಂದು ಕೇಸ್ ಶೀಟಿನಲ್ಲಿ ಬರೆದುಕೊಂಡು, ಇನ್ನೊಂದು ಇಂಜೆಕ್ಷನ್ ಸಿದ್ಧಮಾಡಲು ಸಿಸ್ಟರ್‌ಗೆ ಹೇಳಿದರು.