ದನದ ಆಸ್ಪತ್ರೆಯ ಗೇಟಲ್ಲಿ ನಡುಗುವ ನಾಯಿ

ಭರಮಸಾಗರದ ಸುತ್ತಮುತ್ತ ಪಶು ಆಸ್ಪತ್ರೆ ಅಂದರೆ ಈಗಲೂ 'ದನದ ಆಸ್ಪತ್ರೆ'ಯೇ. ಹಸುವಿಗೆ ಕಾಲುಬಾಯಿ ಲಸಿಕೆ, ಕುರಿಗೆ ಪಿಪಿಆರ್ ಲಸಿಕೆ ಹುಷಾರಿದ್ದಾಗಲೇ ಹಾಕಿಸಬೇಕು ಅಂತ ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಮನೆಯ ನಾಯಿ, ಬೆಕ್ಕಿನ ಮಾತು ಬಂದರೆ ಮಾತ್ರ ಲೆಕ್ಕ ಬೇರೆ.

'ತಿಂದುಂಡು ಚೆನ್ನಾಗೇ ಐತಲ್ಲ, ಡಾಕ್ಟರ್ ಯಾಕೆ?'

ತಿನ್ನುವ ನಾಯಿಯ ವಸಡೂ ಬಿಳಿಚಿಕೊಂಡಿರಬಹುದು. ಉಣ್ಣೆಯಿಂದ ಬರುವ ಜ್ವರ, ಹೊಟ್ಟೆಯ ಜಂತು ಎರಡೂ ರಕ್ತ ಕಡಿಮೆ ಮಾಡುತ್ತವೆ. ಬೆಕ್ಕಂತೂ ನೋವನ್ನು ಮುಚ್ಚಿಟ್ಟುಕೊಳ್ಳುವ ಪ್ರಾಣಿ; ಮೂಲೆ ಸೇರಿತು ಅಂತ ನಮಗೆ ಗೊತ್ತಾಗುವಷ್ಟರಲ್ಲಿ ಕಾಯಿಲೆ ಬಲಿತಿರುತ್ತದೆ. ವರ್ಷಕ್ಕೊಮ್ಮೆ ತೂಕ, ಹಲ್ಲು, ಕಿವಿ, ವಸಡು ನೋಡಿಸುವುದು ಇದಕ್ಕೇ.

'ಆಸ್ಪತ್ರೆ ಅಂದ್ರೆ ಅದಕ್ಕೆ ಸೊಕ್ಕು. ನಾಲ್ಕು ಜನ ಒತ್ತಿ ಹಿಡೀಬೇಕು'

ಸೊಕ್ಕಲ್ಲ, ಭಯ. ನಮ್ಮ ಕರಿಯನನ್ನು ನಾನೇ ಸರಪಳಿ ಹಿಡಿದು ಎಳೆದುಕೊಂಡು ಹೋಗಿದ್ದೆ. ಗೇಟಿನ ಹತ್ತಿರ ಬರುತ್ತಲೇ ಬಾಲ ಕಾಲ ಸಂದಿಗೆ ಸೇರಿತು. ಆಕಳಿಸಿದ, ತುಟಿ ನೆಕ್ಕಿಕೊಂಡ, ಮುಖ ಆ ಕಡೆ ತಿರುಗಿಸಿದ. ನಿದ್ದೆ ಬಂದಿದೆಯೇನೋ ಅಂದುಕೊಂಡೆ! 'ನನಗೆ ಹೆದರಿಕೆ' ಅಂತ ನಾಯಿ ಹೇಳುವುದೇ ಹಾಗೆ. ಅದನ್ನು ಕೇಳಿಸಿಕೊಳ್ಳದವನಿಗೆ ಆಮೇಲೆ ಹಲ್ಲು ತೋರಿಸುತ್ತದೆ. ಒಮ್ಮೆ ಒತ್ತಿ ಹಿಡಿದರೆ ಮುಂದಿನ ಸಲ ಎಂಟು ಜನ ಬೇಕಾಗುತ್ತಾರೆ.

ಅದಕ್ಕೇ ಮೊದಲ ಒಂದೆರಡು ಸಲ ಸೂಜಿಯ ಗೊಡವೆಯೇ ಬೇಡ. ದನಗಳ ಗಲಾಟೆ ಇಲ್ಲದ ಹೊತ್ತು ನೋಡಿ ಕರೆದೊಯ್ದು, ಆವರಣದ ನೆರಳಲ್ಲಿ ಕೂತು, ನಾಲ್ಕು ಬಿಸ್ಕತ್ತು ಹಾಕಿ ವಾಪಸ್ ಬನ್ನಿ. ತೋರಿಸುವ ದಿನ ಹೊಟ್ಟೆ ತುಂಬ ಊಟ ಬೇಡ. ಅರೆಹಸಿವಿದ್ದರೆ ಬಿಸ್ಕತ್ತಿಗೆ ಬೆಲೆ ಬರುತ್ತದೆ. ಟೇಬಲ್ಲು ನುಣುಪಾಗಿದ್ದರೆ ಕಾಲು ಜಾರುತ್ತದೆ, ಜಾರಿದರೆ ಭಯ ಎರಡು ಪಟ್ಟು. ಮನೆಯಿಂದಲೇ ಒಂದು ಗೋಣಿತಾಟು ಒಯ್ದು ಹಾಸಿ, ಇಲ್ಲವೇ ನೆಲದ ಮೇಲೇ ನೋಡಲು ಡಾಕ್ಟರನ್ನು ಕೇಳಿ. ಮನೆಯಲ್ಲಿ ದಿನಾ ಕಿವಿ, ಬೆರಳಸಂದಿ ಮುಟ್ಟಿ, ತುಟಿ ಎತ್ತಿ ನೋಡಿ ರೂಢಿ ಮಾಡಿಸಿದರೆ ಡಾಕ್ಟರ ಕೈ ಅದಕ್ಕೆ ಹೊಸದಾಗಿರುವುದಿಲ್ಲ.

'ಬಾಯಿಕುಕ್ಕೆ ಹಾಕಿದ್ರೆ ಕಚ್ಚೋ ನಾಯಿ ಅಂತಾರೆ'

ಕಣದಲ್ಲಿ ಎತ್ತಿಗೆ ಕುಕ್ಕೆ ಕಟ್ಟಿದರೆ ಯಾರಾದರೂ ಹಾಗಂದರೇ? ಬುಟ್ಟಿಯಂಥ ಕುಕ್ಕೆಯೇ ಇರಲಿ, ಅದರೊಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು. ಹಗ್ಗದಿಂದ ಮೂತಿ ಬಿಗಿದರೆ ಬಿಸಿಲಲ್ಲಿ ಅದಕ್ಕೆ ಮೈ ತಂಪು ಮಾಡಿಕೊಳ್ಳುವ ದಾರಿಯೇ ಇರುವುದಿಲ್ಲ.

'ಬೆಕ್ಕನ್ನ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ್ರಾಯ್ತು'

ಕತ್ತಲು, ಸೆಕೆ, ಕೆಳಗೆ ಬೈಕಿನ ಸದ್ದು. ಚೀಲ ಬಿಚ್ಚಿದ ಕೂಡಲೇ ಅದು ಪರಚಿ ಓಡದೆ ಇನ್ನೇನು ಮಾಡೀತು? ಮುಚ್ಚಳವಿರುವ, ಗಾಳಿಯಾಡುವ ಬುಟ್ಟಿಯಲ್ಲಿ ಹಳೇ ಸೀರೆ ಹಾಸಿ ವಾರ ಮುಂಚೆಯೇ ಮನೆಯಲ್ಲಿಡಿ. ಬೆಕ್ಕು ತಾನಾಗಿ ಒಳಗೆ ಮಲಗಲು ಕಲಿಯಲಿ. ಹೋಗುವಾಗ ಮೇಲೊಂದು ಟವೆಲ್ ಹೊದಿಸಿ; ಬೀದಿ ಕಾಣದಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಕುತ್ತಿಗೆಯ ಚರ್ಮ ಹಿಡಿದು ಎತ್ತುವುದು ತಾಯಿಬೆಕ್ಕಿಗೆ ಸರಿ, ಅದೂ ಮರಿಯನ್ನು ಮಾತ್ರ.

'ಜಂತಿನ ಮಾತ್ರೆ ಮರಿಗಷ್ಟೇ'

ಕುರಿಹಟ್ಟಿಗಳಿರುವ ನಮ್ಮ ಸೀಮೆಯಲ್ಲಿ ಇದು ಅಪಾಯದ ಮಾತು. ಕುರಿ ಕೊಯ್ದಾಗ ಈಲಿಯಲ್ಲೋ ಪುಪ್ಪುಸದಲ್ಲೋ ನೀರು ತುಂಬಿದ ಗುಳ್ಳೆ ಕಂಡರೆ ನಾಯಿಗೆ ಎಸೆಯುತ್ತೇವೆ. ಆ ಗುಳ್ಳೆಯೊಳಗಿನದು ನಾಯಿಯ ಕರುಳಲ್ಲಿ ಲಾಡಿಹುಳುವಾಗುತ್ತದೆ. ಹುಳುವಿನ ಮೊಟ್ಟೆ ನಾಯಿಯ ಮಲದಿಂದ ಹುಲ್ಲಿಗೆ, ನೀರಿಗೆ, ನಮ್ಮ ಕೈಗೆ ಬರುತ್ತದೆ. ಆಗ ಗುಳ್ಳೆ ಏಳುವುದು ಮನುಷ್ಯನ ಈಲಿಯಲ್ಲಿ. ಮಂದೆಯ ಜೊತೆ ತಿರುಗುವ ನಾಯಿಗೆ ಲಾಡಿಹುಳುವಿನ ಮಾತ್ರೆ ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟರನ್ನು ಕೇಳಿ. ಗುಳ್ಳೆಯನ್ನು ಆಳವಾಗಿ ಹೂಳಿ.

'ರೇಬಿಸ್ ಸೂಜಿ ಬೀದಿನಾಯಿಗೆ, ಬೆಕ್ಕಿಗೆ ಬೇಡ'

ಬೆಕ್ಕಿಗೂ ರೇಬಿಸ್ ಬರುತ್ತದೆ, ಅದು ಕಚ್ಚಿದರೂ ಹರಡುತ್ತದೆ. ಮರಿಗೆ 3 ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಡಾಕ್ಟರ್ ಹೇಳಿದಂತೆ ಬೂಸ್ಟರ್, ಪ್ರತಿವರ್ಷ ಒಂದು. ಕಚ್ಚಿಸಿಕೊಂಡವರು ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ ಬೇಡ.

'ಮೈ ಬಿಸಿ ಐತೆ, ಅರ್ಧ ಪ್ಯಾರಾಸಿಟಮಾಲ್ ಕೊಡು'

ನಾಯಿಯ ಮೈ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಅಂಗೈಗೆ ಅದು ಯಾವಾಗಲೂ ಬಿಸಿಯೇ. ಇನ್ನು ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ. ಒಂದೇ ಮಾತ್ರೆ ಸಾಕು, ಜೀವ ಹೋಗಬಹುದು.